ಮೊದಲು ಕೂತ್ಕೊಳ್ಳಿ, ಆಮೇಲೆ ಫೋನ್ ಮಾಡಿ

ಮಳೆಗಾಲದ ಒಂದು ಮಧ್ಯಾಹ್ನ ಕಳಸದ ಕಡೆಯ ಹಿರಿಯರೊಬ್ಬರು ವಿಡಿಯೋ ಕಾಲ್ ಮಾಡಿದರು. ಕಾಫಿ ತೋಟದಲ್ಲಿ ದುಡಿದವರು, ಬಹಳ ವರ್ಷ ಬೀಡಿ ಸೇದಿ ಬಿಟ್ಟವರು, ದಮ್ಮಿನ ಕಾಯಿಲೆಗೆ ನನ್ನ ಹಳೇ ರೋಗಿ. ಎರಡು ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದರು. ಹೆಗಲು ಮೇಲೆ ಕೆಳಗೆ ಆಡುತ್ತಿತ್ತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 86 ತೋರಿಸಿತು. ಕಾಯಿಲೆ ಜೋರಾಗಿದೆ ಅಂದುಕೊಂಡೆ. ಸ್ಟೀರಾಯ್ಡ್ ಮಾತ್ರೆ ಶುರು ಮಾಡಿಸಿ, ಕೂಡಲೇ ಚಿಕ್ಕಮಗಳೂರಿಗೆ ಹೊರಡಿ ಅಂದೆ. ಮಗ ಜೀಪು ಮಾಡಿಕೊಂಡು, ಸುರಿವ ಮಳೆಯಲ್ಲಿ ಸುಮಾರು 90 ಕಿಲೋಮೀಟರ್ ಕರೆತಂದ. ಇಲ್ಲಿ ಬಂದು ಕೂತಾಗ ಆಕ್ಸಿಜನ್ 93. ಎದೆಯಲ್ಲಿ ಹೊಸ ಸದ್ದು ಏನೂ ಇಲ್ಲ. ವಿಚಾರಿಸಿದಾಗ ಗೊತ್ತಾಯಿತು: ಮನೆಯಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ಹಿಂದಿನ ಗುಡ್ಡ ಹತ್ತಿ, ಮೇಲೆ ಮುಟ್ಟಿದ ತಕ್ಷಣ ನನಗೆ ಕಾಲ್ ಮಾಡಿದ್ದರು.

ತಪ್ಪು ನನ್ನದು. ಎಲ್ಲಿದ್ದೀರಿ ಅಂತ ಒಂದು ಮಾತು ಕೇಳಬೇಕಿತ್ತು. ನಡೆದಾಗ ಅವರ ಆಕ್ಸಿಜನ್ ಇಷ್ಟು ಇಳಿಯುತ್ತದೆ ಅನ್ನೋದು ಗೊತ್ತಾದದ್ದು ಮಾತ್ರ ಆ ದಿನದ ಲಾಭ. ಅದರಿಂದ ಮುಂದಿನ ಚಿಕಿತ್ಸೆ ಬದಲಾಯಿತು. ಅಂದಿನಿಂದ ಯಾರೇ ಕಾಲ್ ಮಾಡಿದರೂ ನನ್ನ ಮೊದಲ ಪ್ರಶ್ನೆ ಒಂದೇ: "ಈಗ ಎಲ್ಲಿ ಕೂತಿದ್ದೀರಿ, ಕೂತು ಎಷ್ಟು ಹೊತ್ತಾಯ್ತು?" ಹತ್ತು ನಿಮಿಷ ಆಗಿಲ್ಲ ಅಂದರೆ ಕಾಯುತ್ತೇನೆ.

ನಾನು ಹೇಳುತ್ತಿರುವುದು ಸಿಒಪಿಡಿ ಬಗ್ಗೆ. ಊರಿನ ಮಾತಲ್ಲಿ ದಮ್ಮು. ಶ್ವಾಸಕೋಶದ ಕೊಳವೆಗಳು ಕಿರಿದಾಗಿ, ಒಳಗಿನ ಗಾಳಿಚೀಲಗಳು ಹಾಳಾಗಿ, ಎಳೆದ ಗಾಳಿ ಪೂರ್ತಿ ಹೊರಗೆ ಹೋಗದ ಕಾಯಿಲೆ. ಹಾಳಾದ ಭಾಗ ಮತ್ತೆ ಸರಿಹೋಗುವುದಿಲ್ಲ. ಆದರೆ ಇರುವುದನ್ನು ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಓಡಾಡಿಕೊಂಡಿರಬಹುದು. ನೋಡಿಕೊಳ್ಳೋದು ಅಂದರೆ ಆಗಾಗ ಯಾರಾದರೂ ವಿಚಾರಿಸುತ್ತಿರಬೇಕು. ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದ ಒಳಗಿನ ಹಳ್ಳಿಗಳಿಂದ ದಮ್ಮಿರುವವರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರೋದು ಸುಲಭವಲ್ಲ. ತಿರುವಿನ ರಸ್ತೆ, ಜೊತೆಗೊಬ್ಬರು, ಒಂದು ದಿನದ ಕೂಲಿ. ಹಾಗಾಗಿ ಫೋನ್ ನಮಗೆ ಬೇಕೇ ಬೇಕು.

ನಾನು ಎಣಿಸದೇ ಇದ್ದ ಒಂದು ಲಾಭವೂ ವಿಡಿಯೋದಿಂದ ಸಿಕ್ಕಿತು. ಅದು ನನಗೆ ಮನೆ ತೋರಿಸುತ್ತದೆ.

ನಮ್ಮ ಕಡೆ ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಇದೆ. ಕಾರಣ ಸೌದೆ ಒಲೆಯ ಹೊಗೆ. "ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು ಡಾಕ್ಟ್ರೇ" ಅನ್ನುತ್ತಾರೆ, ನಿಜವನ್ನೇ ಹೇಳುತ್ತಾರೆ. ಒಬ್ಬ ಅಮ್ಮನ ಮೊಮ್ಮಗಳ ಹತ್ತಿರ ಫೋನ್ ಹಿಡಿದು ಮನೆಯೆಲ್ಲ ಒಂದು ಸುತ್ತು ತೋರಿಸಮ್ಮ ಅಂದೆ. ಅಡುಗೆಮನೆಯಲ್ಲಿ ಗ್ಯಾಸ್ ಇತ್ತು. ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಿತ್ತು, ಹಸಿ ಸೌದೆ, ಚಿಮಣಿ ಇಲ್ಲ, ಗೋಡೆಯೆಲ್ಲ ಕಪ್ಪು. ಮಳೆಗಾಲದಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಆ ಒಲೆ ಊದುವವರು ಅವರೇ. ನನ್ನ ಕೋಣೆಯಲ್ಲಿ ಕೂತು ಹತ್ತು ಸಲ ಕೇಳಿದರೂ ಇದು ಗೊತ್ತಾಗುತ್ತಿರಲಿಲ್ಲ. ಒಣ ಸೌದೆ, ಒಂದು ಹೊಗೆಕೊಳವೆ, ಒಲೆ ಹಚ್ಚುವ ಕೆಲಸ ಮಗನಿಗೆ. ಆ ದಿನ ನಾನು ಕೊಟ್ಟ ಚಿಕಿತ್ಸೆ ಅಷ್ಟೇ.

ಇನ್ನೊಂದು, ಇನ್ಹೇಲರ್. "ಪಂಪು ಸರಿಯಾಗಿ ತಗೋತಿದ್ದೀನಿ" ಅಂತಲೇ ಎಲ್ಲರೂ ಹೇಳುತ್ತಾರೆ. ನನ್ನ ಎದುರಿಗೆ ತಗೊಳ್ಳಿ ಅಂದರೆ ಬೇರೆಯೇ ಕಾಣುತ್ತದೆ. ಪಂಪು ಒತ್ತಿದ ಮೇಲೆ ಉಸಿರು ಎಳೆಯುವವರು, ಎಳೆದ ಕೂಡಲೇ ಬಿಡುವವರು, ಉಸಿರಲ್ಲಿ ಎಳೆಯಬೇಕಾದ ಪುಡಿಯ ಕ್ಯಾಪ್ಸೂಲನ್ನು ನೀರು ಹಾಕಿಕೊಂಡು ನುಂಗಿದವರೂ ಇದ್ದಾರೆ. ಮೊದಲು ಉಸಿರು ಪೂರ್ತಿ ಹೊರಗೆ ಬಿಡಬೇಕು. ಪಂಪಾದರೆ ನಿಧಾನಕ್ಕೆ, ಪುಡಿಯಾದರೆ ಜೋರಾಗಿ ಎಳೆಯಬೇಕು. ಆಮೇಲೆ 10 ಎಣಿಸುವವರೆಗೆ ಹಿಡಿದುಕೊಳ್ಳಬೇಕು. ಸ್ಟೀರಾಯ್ಡ್ ಇರುವ ಔಷಧಿ ಆದರೆ ಬಾಯಿ ಮುಕ್ಕಳಿಸಬೇಕು. ಮಲೆನಾಡಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ಜುಲೈ ತಿಂಗಳ ಥಂಡಿಗೆ ಬಟ್ಟೆಯೇ ಒಣಗಲ್ಲ. ಪುಡಿಯ ಕ್ಯಾಪ್ಸೂಲು ಡಬ್ಬಿ ಮುಚ್ಚದೆ ಇಟ್ಟರೆ ತೇವ ಹಿಡಿದು ಪುಡಿ ಗಂಟು ಕಟ್ಟುತ್ತದೆ. ಎಷ್ಟು ಎಳೆದರೂ ಔಷಧಿ ಒಳಗೆ ಹೋಗಲ್ಲ. ಡಬ್ಬಿಯನ್ನು ಬಚ್ಚಲ ಹತ್ತಿರ ಇಡಬೇಡಿ, ಬೇಕಾದಾಗ ಒಂದೊಂದೇ ಕ್ಯಾಪ್ಸೂಲ್ ತೆಗೆಯಿರಿ.

ಹಾಗಾದರೆ ಮನೆಗೊಂದು ಯಂತ್ರ ಕೊಟ್ಟು ದಿನಾ ಅಂಕಿ ಕಳಿಸಿದರೆ ಸಾಕಾ? ಸಾಲದು. ಸ್ಕಾಟ್ಲೆಂಡಿನಲ್ಲಿ 256 ಸಿಒಪಿಡಿ ರೋಗಿಗಳ ಮೇಲೆ ಹೀಗೆ ಮಾಡಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಮನೆಯಿಂದಲೇ ದಿನಾ ಲಕ್ಷಣ, ಆಕ್ಸಿಜನ್ ಮಟ್ಟ ಕಳಿಸುತ್ತಿದ್ದರು. ಎರಡೂ ಗುಂಪಿಗೆ ಉಳಿದ ಆರೈಕೆ ಒಂದೇ ರೀತಿ ಸಿಕ್ಕಾಗ, ಅಂಕಿ ಕಳಿಸಿದವರಿಗೂ ಆಸ್ಪತ್ರೆ ಸೇರಬೇಕಾದ ದಿನ ಮುಂದಕ್ಕೇನೂ ಹೋಗಲಿಲ್ಲ. ಅಂಕಿ ಯಾರನ್ನೂ ಕಾಪಾಡಲ್ಲ. ಅಂಕಿ ನೋಡಿ ಏನು ಮಾಡಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು.

ನಾನು ಮಾಡುವುದು ಇಷ್ಟು. ಹದಿನೈದು ದಿನಕ್ಕೊಮ್ಮೆ ವಾರದ ಅದೇ ದಿನ, ಅದೇ ಹೊತ್ತಿಗೆ ಕಾಲ್. ಹುಷಾರಿದ್ದರೂ ಕಾಲ್. ಮೂರು ಪ್ರಶ್ನೆ ಕೇಳುತ್ತೇನೆ: ದಮ್ಮು ಮಾಮೂಲಿಗಿಂತ ಜಾಸ್ತಿ ಆಗಿದೆಯಾ, ಕಫ ಜಾಸ್ತಿ ಆಗಿದೆಯಾ, ಕಫದ ಬಣ್ಣ ಹಳದಿ ಹಸಿರಿಗೆ ತಿರುಗಿದೆಯಾ? ನಮ್ಮ ಜನ ಹುಷಾರಿಲ್ಲ ಅಂತ ಬೇಗ ಹೇಳಲ್ಲ. ಅದಕ್ಕೇ "ನಿನ್ನೆ ಸ್ನಾನ ಮಾಡಿದ್ರಾ?" ಅಂತಲೂ ಕೇಳುತ್ತೇನೆ. ಸುಸ್ತಾಗುತ್ತದೆ ಅಂತ ಸ್ನಾನ ಬಿಟ್ಟಿದ್ದರೆ ನನಗೆ ಅದು ಆಕ್ಸಿಮೀಟರಿಗಿಂತ ದೊಡ್ಡ ಸುಳಿವು. ಪಾದದ ಗಂಟಿನ ಹತ್ತಿರ ಬೆರಳು ಒತ್ತಿ ತೋರಿಸಿ ಅನ್ನುತ್ತೇನೆ. ಗುಳಿ ಉಳಿದರೆ ನೀರು ತುಂಬಿದೆ ಅಂತ ಅರ್ಥ. ಕೆಲವರ ಮನೆಯಲ್ಲಿ, ಕಾಯಿಲೆ ಜೋರಾದಾಗ ತಗೊಳ್ಳೋದಕ್ಕೆ ಅಂತ 5 ದಿನದ ಮಾತ್ರೆಯ ಪೊಟ್ಟಣ ಇಟ್ಟಿರುತ್ತೇನೆ. ನನಗೆ ಫೋನ್ ಮಾಡದೆ ಅದನ್ನು ಒಡೆಯುವ ಹಾಗಿಲ್ಲ.

ಆಕ್ಸಿಮೀಟರ್ ಹಾಕುವ ಮುಂಚೆ ಕೈ ಉಜ್ಜಿ ಬಿಸಿ ಮಾಡಿಕೊಳ್ಳಿ. ನೇಲ್ ಪಾಲಿಶ್ ಇದ್ದರೆ ಒರೆಸಿ. ಮದರಂಗಿ ಹಚ್ಚಿದ ಬೆರಳು ಬೇಡ. ಇನ್ನೊಂದು ವಿಷಯ, 98 ಬರಲಿಲ್ಲ ಅಂತ ಹೆದರಿ ಮನೆಯ ಆಕ್ಸಿಜನ್ ಯಂತ್ರವನ್ನು ಜಾಸ್ತಿ ಮಾಡಬೇಡಿ. ಈ ಕಾಯಿಲೆ ಜೋರಾಗಿರುವ ಹಲವರಿಗೆ 88ರಿಂದ 92 ಇದ್ದರೇ ಸರಿ. ಅದಕ್ಕಿಂತ ಜಾಸ್ತಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಕರೆಂಟ್ ಹೋದರೆ ಆ ಯಂತ್ರ ನಿಲ್ಲುತ್ತದೆ, ಮಳೆಗಾಲಕ್ಕೆ ಒಂದು ಸಿಲಿಂಡರ್ ಜೊತೆಗಿರಲಿ. ಒಲೆಯ ಹತ್ತಿರ ಮಾತ್ರ ಯಾವತ್ತೂ ಇಡಬೇಡಿ.

ಫೋನಲ್ಲಿ ಆಗದ ಕೆಲಸಗಳೂ ಇವೆ. ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳೋದಕ್ಕೆ ಊದಿ ನೋಡುವ ಸ್ಪೈರೋಮೆಟ್ರಿ ಬೇಕು, ಅದಕ್ಕೆ ಬರಲೇಬೇಕು. ಕಫದಲ್ಲಿ ರಕ್ತ ಬಂದರೆ, ತೂಕ ಇಳಿದರೆ ಕ್ಷಯ ಇದೆಯಾ ಅಂತ ಪರೀಕ್ಷೆ ಆಗಬೇಕು. ತಟ್ಟನೆ ಎದೆ ನೋವು, ತುಟಿ ನೀಲಿ, ಒಂದು ವಾಕ್ಯ ಪೂರ್ತಿ ಆಡಲಾರದಷ್ಟು ದಮ್ಮು, ಮಂಪರು, ಇವಕ್ಕೆ ನನ್ನ ಕಾಲ್‌ಗಾಗಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ನೆಟ್‌ವರ್ಕ್ ಇಲ್ಲದ ಊರಿನವರು ವಿಡಿಯೋಗಾಗಿ ಕಷ್ಟಪಡಬೇಕಿಲ್ಲ. ದೂರದಿಂದಲೇ ಚಿಕಿತ್ಸೆ ಕೊಡುವ ಬಗ್ಗೆ 2020ರ ಮಾರ್ಚ್ 25ರಂದು ಬಂದ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಬರೀ ಮಾತಿನ ಕರೆಗೂ ಅವಕಾಶ ಇದೆ. ಅದೇ ಕಾಯಿಲೆಗೆ 6 ತಿಂಗಳೊಳಗೆ ಅದೇ ವೈದ್ಯರನ್ನು ಮುಖಾಮುಖಿ ಕಂಡಿದ್ದರೆ ಮುಂದಿನ ಸಲಹೆ ಫೋನಲ್ಲಿ ಕೊಡೋದು ಸುಲಭ. ಹತ್ತಿರದ ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದರೆ, ಅವರು ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿ ಮೂಲಕ ವೈದ್ಯರಿಗೆ ಸಂಪರ್ಕ ಕೊಡಿಸುತ್ತಾರೆ. ಪಕ್ಕದಲ್ಲಿ ಕೂತು ಬಿಪಿ, ಆಕ್ಸಿಜನ್ ನೋಡುವ ಒಂದು ಕೈ ಇರುತ್ತದೆ, ಅದು ಬಹಳ ದೊಡ್ಡದು.

ಕಳಸದ ಹಿರಿಯರ ಜೊತೆ ಈಗ ಬರೀ ಮಾತಿನ ಕಾಲ್. ಜಗಲಿಯಲ್ಲೇ ಕೂತು ಮಾತಾಡುತ್ತಾರೆ, ಅಲ್ಲಿ ಮಾತಿಗೆ ಸಾಕಾಗುವಷ್ಟು ಸಿಗ್ನಲ್ ಇದೆ. ಒಂದೇ ಉಸಿರಿನಲ್ಲಿ ಒಂದರಿಂದ ಎಣಿಸಿ ಅನ್ನುತ್ತೇನೆ. ಮಾಮೂಲಿ ಹದಿನಾರು, ಹದಿನೇಳಕ್ಕೆ ನಿಲ್ಲಿಸುತ್ತಾರೆ. ಹತ್ತರೊಳಗೆ ನಿಂತರೆ ಮಗ ಜೀಪಿಗೆ ಹೇಳಬೇಕು ಅಂತ ನಾವು ಮೂವರೂ ಮಾತಾಡಿಕೊಂಡಿದ್ದೇವೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಫ್ಲೂ ಲಸಿಕೆಗೆ ಮತ್ತು ಊದುವ ಪರೀಕ್ಷೆಗೆ ಒಮ್ಮೆ ಇಲ್ಲಿಗೆ ಬರುತ್ತಾರೆ.