ಕ್ಲಚ್ಚು ನಿಧಾನ ಬಿಟ್ಟರೆ ಸಾಕೇ?

ಕಾರು ಕಲಿಯಲು ಕೂತವರ ಕಿವಿಗೆ ಮೊದಲ ದಿನವೇ ಬೀಳುವ ಮಾತು ‘ಕ್ಲಚ್ಚು ನಿಧಾನ ಬಿಡಿ’. ಗಾಡಿ ಆಫ್ ಆದರೆ ನಿಧಾನ ಬಿಡಲಿಲ್ಲ ಎನ್ನುತ್ತಾರೆ, ಜಗ್ಗಿದರೂ ನಿಧಾನ ಬಿಡಲಿಲ್ಲ ಎನ್ನುತ್ತಾರೆ. ಕಲಿಯುವಾಗ ನಾನೂ ಇದನ್ನೇ ನೆಚ್ಚಿಕೊಂಡಿದ್ದೆ. ನಿಂತ ಗಾಡಿ ಹೊರಡಿಸುವುದೇನೋ ಸುಧಾರಿಸಿತು. ಆದರೆ ಒಂದರಿಂದ ಎರಡನೇ ಗೇರಿಗೆ ಹಾಕುವಾಗ ಎಷ್ಟು ಮೆಲ್ಲಗೆ ಕಾಲೆತ್ತಿದರೂ ಹಿಂದಿನ ಸೀಟಿನವರ ತಲೆ ಒಮ್ಮೆ ತೂಗುತ್ತಲೇ ಇತ್ತು. ಪಳಗಿದವರು ಓಡಿಸುವಾಗ ಗಮನಿಸಿದೆ: ಅವರ ಕಾಲು ನನ್ನದಕ್ಕಿಂತ ಬೇಗ ಮೇಲೇಳುತ್ತಿತ್ತು, ಆದರೂ ಗೇರು ಬದಲಾದದ್ದು ಮೈಗೆ ಗೊತ್ತಾಗುತ್ತಿರಲಿಲ್ಲ. ಹಾಗಿದ್ದರೆ ನಯವಾಗಿ ಗೇರು ಹಾಕುವುದಕ್ಕೂ ನಿಧಾನಕ್ಕೂ ಇರುವ ನಂಟು ನಾವಂದುಕೊಂಡಷ್ಟು ಗಟ್ಟಿಯಲ್ಲ. ಆ ತಲೆ ತೂಗಾಟಕ್ಕೆ ಕಾರಣ ಬೇರೆಯೇ ಇದೆ.

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಒಂದು ಹುಟ್ಟುಗುಣ. ನಿಂತಲ್ಲಿಂದ ಅದು ಬಲ ಕೊಡಲಾರದು. ತಿರುಗುತ್ತಿದ್ದರೆ ಮಾತ್ರ ಕೊಡಬಲ್ಲದು. ಸುಮ್ಮನೆ ಚಾಲೂ ಇಟ್ಟರೂ ನಿಮಿಷಕ್ಕೆ 800 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಲೇ ಇರಬೇಕು. ಚಕ್ರಗಳಾದರೋ ನಿಂತಿರಲೂಬೇಕು, ಹೊರಡಲೂಬೇಕು. ತಿರುಗುತ್ತಿರುವುದನ್ನೂ ನಿಂತಿರುವುದನ್ನೂ ಮುರಿಯದಂತೆ ಜೋಡಿಸುವ ಕೆಲಸ ಕ್ಲಚ್ಚಿನದು. ಎಂಜಿನ್ನಿನ ತುದಿಯಲ್ಲಿ ಭಾರದ ಫ್ಲೈವೀಲ್, ಅದಕ್ಕೆ ಎದುರಾಗಿ ಗೇರ್ ಬಾಕ್ಸಿನ ದಂಡಕ್ಕೆ ಸಿಕ್ಕಿಸಿದ ಕ್ಲಚ್ ಪ್ಲೇಟ್, ಅದನ್ನು ಫ್ಲೈವೀಲ್‌ಗೆ ಅದುಮಿ ಹಿಡಿಯುವ ಪ್ರೆಶರ್ ಪ್ಲೇಟ್. ಪೆಡಲ್ ತುಳಿದಾಗ ಹಿಡಿತ ಸಡಿಲ, ಬಿಟ್ಟಾಗ ಬಿಗಿ. ಇವೆರಡರ ನಡುವೆ ಪೆಡಲಿನ ಒಂದೆರಡು ಬೆರಳಿನಷ್ಟು ಚಲನೆಯಲ್ಲಿ ಪ್ಲೇಟು ಜಾರುತ್ತಲೇ ಬಲವನ್ನೂ ಸಾಗಿಸುತ್ತದೆ. ‘ಹಾಫ್ ಕ್ಲಚ್’ ಎನ್ನುವುದು ಇದಕ್ಕೇ. ಪ್ಲೇಟಿನ ಎರಡು ಘರ್ಷಣೆಯ ಪದರಗಳ ನಡುವೆ ಅಲೆಯಂತೆ ಬಾಗಿದ ತೆಳು ಉಕ್ಕಿನ ಪಟ್ಟಿಗಳಿರುತ್ತವೆ. ಅವು ಮೊದಲು ಚಪ್ಪಟೆಯಾಗಿ, ಹಿಡಿತ ಒಮ್ಮೆಲೇ ಬೀಳದೆ ಹಂತಹಂತವಾಗಿ ಏರುವಂತೆ ಮಾಡುತ್ತವೆ. ನಮ್ಮ ಪಾದಕ್ಕೆ ಆಡಲು ಅಷ್ಟಾದರೂ ಜಾಗ ಸಿಗುವುದು ಆ ಪಟ್ಟಿಗಳ ದಯೆಯಿಂದ.

ಇಲ್ಲಿ ಒಂದು ಲೆಕ್ಕ ನನಗೆ ಬಹಳ ಇಷ್ಟ. ಸಮತಟ್ಟಾದ ರಸ್ತೆಯಲ್ಲಿ, ಎಂಜಿನ್ನಿನ ಸುತ್ತು ಒಂದೇ ಮಟ್ಟದಲ್ಲಿರುವಂತೆ ನೋಡಿಕೊಂಡು ನಿಂತ ಕಾರನ್ನು ಕ್ಲಚ್ಚಿನ ಮೇಲೆ ಹೊರಡಿಸಿದೆವು ಎನ್ನಿ. ಎಂಜಿನ್ ಕೊಟ್ಟ ಶಕ್ತಿಯಲ್ಲಿ ಅರ್ಧ ಕಾರಿಗೆ ವೇಗವಾಗಿ ಸೇರುತ್ತದೆ, ಉಳಿದ ಅರ್ಧ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಎರಡು ಸೆಕೆಂಡಿನಲ್ಲಿ ಬಿಟ್ಟರೂ ಇಷ್ಟೇ, ಐದು ಸೆಕೆಂಡಿನಲ್ಲಿ ಬಿಟ್ಟರೂ ಇಷ್ಟೇ. ಶಾಖವನ್ನು ನಿರ್ಧರಿಸುವುದು ಕಾಲಿನ ನಿಧಾನವಲ್ಲ, ಎಂಜಿನ್ನಿನ ಸುತ್ತು. ಅದೂ ವರ್ಗದ ಲೆಕ್ಕದಲ್ಲಿ. 1200 ಕಿಲೋ ತೂಕದ ಸಾಧಾರಣ ಕಾರು 1500 ಸುತ್ತಿನಲ್ಲಿ ಮೊದಲ ಗೇರಿಗೆ ಪೂರ್ತಿ ಕೂಡಿಕೊಳ್ಳುವಾಗ ಗಂಟೆಗೆ ಸುಮಾರು 12 ಕಿ.ಮೀ. ವೇಗದಲ್ಲಿರುತ್ತದೆ. ಅಷ್ಟರಲ್ಲಿ ಕ್ಲಚ್ಚಿಗೆ ಬಿದ್ದ ಶಾಖ ಹೆಚ್ಚುಕಡಿಮೆ 7000 ಜೂಲ್, ನಾಲ್ಕೈದು ಟೀ ಚಮಚ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅದನ್ನೇ 3000 ಸುತ್ತಿನಲ್ಲಿ ಮಾಡಿದರೆ ಶಾಖ ನಾಲ್ಕು ಪಟ್ಟು. ರಸ್ತೆಯ ಎಳೆತವನ್ನೂ ಸೇರಿಸಿಕೊಂಡರೆ ನಿಧಾನ ಬಿಟ್ಟಷ್ಟೂ ಕ್ಲಚ್ಚಿಗೆ ಒಂದಿಷ್ಟು ಹೆಚ್ಚೇ ಶಾಖ. ಇನ್ನು ಏರಿನಲ್ಲಿ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಂಡರೆ ಅರ್ಧದ ಮಾತೇ ಇಲ್ಲ. ಕಾರು ಚಲಿಸುತ್ತಿಲ್ಲವಾದ್ದರಿಂದ ಕ್ಲಚ್ಚಿಗೆ ಹೋದ ಶಕ್ತಿಯೆಲ್ಲ ಶಾಖವೇ. ಸುಟ್ಟ ವಾಸನೆ ಬರುವುದು ಅಲ್ಲಿಂದ.

ಹೊರಡುವಾಗ ಚಕ್ರದ ಕಡೆಯ ವೇಗ ಸೊನ್ನೆ. ಅಲ್ಲಿ ಜಾರಿಸದೆ ಬೇರೆ ದಾರಿಯಿಲ್ಲ, ‘ನಿಧಾನ ಬಿಡಿ’ ಎಂಬ ಮಾತಿಗೆ ಅಲ್ಲಿ ಪೂರ್ಣ ಅರ್ಥವಿದೆ. ಓಡುತ್ತಿರುವ ಗಾಡಿಯಲ್ಲಿ ಗೇರು ಬದಲಿಸುವಾಗ ಸಂಗತಿಯೇ ಬೇರೆ.

ಮೊದಲ ಗೇರಿನಲ್ಲಿ ಎಂಜಿನ್ ಮೂರೂವರೆ ಸುತ್ತು ತಿರುಗಿದರೆ ಗೇರ್ ಬಾಕ್ಸಿನಿಂದ ಹೊರಬರುವ ದಂಡ ಒಂದು ಸುತ್ತು ತಿರುಗುತ್ತದೆ ಎಂದುಕೊಳ್ಳೋಣ. ಎರಡನೆಯದರಲ್ಲಿ ಈ ಅನುಪಾತ 1.9, ಮೂರನೆಯದರಲ್ಲಿ 1.3, ನಾಲ್ಕರಲ್ಲಿ 1, ಐದರಲ್ಲಿ 0.8. ಸಣ್ಣ ಕಾರುಗಳಲ್ಲಿ ಅಂಕಿಗಳು ಇದರ ಅಕ್ಕಪಕ್ಕವೇ ಇರುತ್ತವೆ. ಮೊದಲ ಗೇರಿನಲ್ಲಿ 3000 ಸುತ್ತಿಗೆ ಏರಿಸಿ ಎರಡಕ್ಕೆ ಹಾಕುತ್ತೀರಿ. ಕಾರಿನ ವೇಗ ಆ ಕ್ಷಣದಲ್ಲಿ ಬದಲಾಗಿಲ್ಲ, ಚಕ್ರಗಳು ಅದೇ ಲಯದಲ್ಲಿವೆ. ಹಾಗಾದರೆ ಎರಡನೇ ಗೇರಿನಲ್ಲಿ ಎಂಜಿನ್ ಎಷ್ಟು ಸುತ್ತಬೇಕು? 3000ವನ್ನು 3.5ರಿಂದ ಭಾಗಿಸಿ 1.9ರಿಂದ ಗುಣಿಸಿ: ಸುಮಾರು 1630. ಅಂದರೆ ಎಂಜಿನ್ ಸುಮಾರು 1370 ಸುತ್ತು ಇಳಿಯಬೇಕು. ಆಕ್ಸಿಲರೇಟರಿನಿಂದ ಕಾಲು ತೆಗೆದ ಮೇಲೆ ಅದು ತಾನಾಗಿಯೇ ಇಳಿಯುತ್ತದೆ, ಆದರೆ ಫ್ಲೈವೀಲಿನ ಜಡತ್ವ ಇರುವುದರಿಂದ ಸಮಯ ತೆಗೆದುಕೊಳ್ಳುತ್ತದೆ.

ಇಳಿದು 1630ಕ್ಕೆ ಬಂದ ಗಳಿಗೆಯಲ್ಲಿ ಕ್ಲಚ್ಚು ಬಿಟ್ಟಿರೋ, ಹಿಡಿತ ಒಮ್ಮೆಲೇ ಬಿದ್ದರೂ ಏನೂ ಆಗುವುದಿಲ್ಲ. ಫ್ಲೈವೀಲೂ ಪ್ಲೇಟೂ ಒಂದೇ ವೇಗದಲ್ಲಿ ತಿರುಗುತ್ತಿರುವಾಗ ಜಗ್ಗಲು ಕಾರಣವೇ ಇಲ್ಲ. ಅದಕ್ಕೆ ಮೊದಲೇ ಬಿಟ್ಟರೆ ಎಂಜಿನ್ನಿನಲ್ಲಿ ಉಳಿದ ಹೆಚ್ಚಿನ ಸುತ್ತು ಕಾರನ್ನು ಮುಂದಕ್ಕೆ ನೂಕುತ್ತದೆ, ಕೂತವರ ತಲೆ ಹಿಂದಕ್ಕೆ ಹೋಗುತ್ತದೆ. ತಡವಾದರೆ ಎಂಜಿನ್ 800ಕ್ಕೆ ಬಿದ್ದಿರುತ್ತದೆ, ಅದನ್ನು ಮತ್ತೆ ಎತ್ತುವ ಹೊರೆ ಕಾರಿನ ಮೇಲೆ; ಕಾರು ತಡೆದಂತಾಗಿ ತಲೆ ಮುಂದಕ್ಕೆ ಬಾಗುತ್ತದೆ. ತಲೆ ಯಾವ ಕಡೆ ಬಾಗಿತು ಎಂಬುದೇ ತಪ್ಪು ಏನೆಂದು ಹೇಳಿಬಿಡುತ್ತದೆ. ಕಲಿಸುವವರು ಇದೊಂದನ್ನು ಮೊದಲ ವಾರದಲ್ಲೇ ಹೇಳಿಕೊಟ್ಟರೆ ಎಷ್ಟು ಪರದಾಟ ತಪ್ಪುತ್ತದೆ!

ಇನ್ನೊಂದು ಗಮನಿಸಿ. 3000 ಸುತ್ತಿನಲ್ಲೇ ನಾಲ್ಕರಿಂದ ಐದಕ್ಕೆ ಹಾಕಿದರೆ ಎಂಜಿನ್ ಇಳಿಯಬೇಕಾದದ್ದು 600 ಸುತ್ತು ಮಾತ್ರ. ಒಂದರಿಂದ ಎರಡಕ್ಕೆ ಬೇಕಾದ ಕಾಯುವಿಕೆಯ ಅರ್ಧವೂ ಇಲ್ಲ. ಎಲ್ಲ ಗೇರುಗಳನ್ನೂ ಒಂದೇ ತಾಳದಲ್ಲಿ ಹಾಕುವವರಿಗೆ ಕೆಳಗಿನ ಗೇರುಗಳಲ್ಲಿ ನೂಕು, ಮೇಲಿನವುಗಳಲ್ಲಿ ತಡೆ ಆಗುವುದು ಈ ಕಾರಣಕ್ಕೆ. ಹೊಸ ಕಾರುಗಳಲ್ಲಿ ಆಕ್ಸಿಲರೇಟರನ್ನು ಆಳುವುದು ಕಂಪ್ಯೂಟರ್. ಹೊಗೆಯ ನಿಯಂತ್ರಣಕ್ಕಾಗಿ ಅದು ಕೆಲವೊಮ್ಮೆ ಸುತ್ತನ್ನು ಬೇಗ ಇಳಿಯಗೊಡುವುದಿಲ್ಲ. ಹಳೆಯ ಕಾರಿನಲ್ಲಿ ಪಳಗಿದವರೂ ಹೊಸದರಲ್ಲಿ ಕೆಲವು ದಿನ ಎಡವುವುದು ಸಹಜ.

ಕಾಲು ಇಷ್ಟೆಲ್ಲ ಮಾಡುವಾಗ ಕೈಯ ಕೆಳಗೆ, ಗೇರ್ ಬಾಕ್ಸಿನ ಒಳಗೆ, ಇದೇ ಸಮಸ್ಯೆ ಇನ್ನೊಮ್ಮೆ ಎದುರಾಗುತ್ತದೆ. 19ನೇ ಶತಮಾನದ ಕೊನೆಗೆ ಫ್ರಾನ್ಸಿನ ಪನ್ಹಾರ್ಡ್ ಮತ್ತು ಲೆವಾಸರ್ ಕಾರುಗಳಲ್ಲಿ ಬಂದ ಗೇರ್ ಬಾಕ್ಸಿನಲ್ಲಿ ತಿರುಗುತ್ತಿರುವ ಹಲ್ಲುಚಕ್ರವನ್ನೇ ಜರುಗಿಸಿ ಇನ್ನೊಂದರ ಹಲ್ಲಿಗೆ ತೂರಿಸಬೇಕಿತ್ತು. ‘ಒರಟು, ಆದರೆ ಕೆಲಸ ಮಾಡುತ್ತದೆ’ ಎಂದು ಎಮಿಲ್ ಲೆವಾಸರ್ ಹೇಳಿದರೆಂಬ ಮಾತು ಪ್ರಸಿದ್ಧ. ವೇಗ ಹೊಂದದಿದ್ದರೆ ಹಲ್ಲು ಹಲ್ಲಿಗೆ ಬಡಿದು ಕರಕರ ಸದ್ದು. ಅದಕ್ಕಾಗಿ ಚಾಲಕರು ಕ್ಲಚ್ಚನ್ನು ಎರಡು ಸಲ ತುಳಿಯುತ್ತಿದ್ದರು: ಒಮ್ಮೆ ತುಳಿದು ನ್ಯೂಟ್ರಲ್ಲಿಗೆ ತಂದು ಬಿಡುವುದು, ಗೇರು ಇಳಿಸುವುದಾದರೆ ಆಕ್ಸಿಲರೇಟರ್ ಕೊಟ್ಟು ಒಳಗಿನ ದಂಡದ ಸುತ್ತು ಏರಿಸುವುದು, ಮತ್ತೆ ತುಳಿದು ಗೇರು ಹಾಕುವುದು. ಎಷ್ಟೋ ಭಾರೀ ಲಾರಿಗಳಲ್ಲಿ ಈ ವಿದ್ಯೆ ಬಹುಕಾಲ ಉಳಿದುಕೊಂಡಿತು.

ಆ ಹೊರೆಯನ್ನು ಇಳಿಸಿದವರು ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್. ಹಲ್ಲುಚಕ್ರಗಳ ವೇಗವನ್ನು ತಾನೇ ಹೊಂದಿಸುವ ಅವರ ಸಿಂಕ್ರೋಮೆಶ್ ಏರ್ಪಾಟನ್ನು 1928ರಲ್ಲಿ ಕ್ಯಾಡಿಲಾಕ್ ತನ್ನ ಕಾರುಗಳಲ್ಲಿ ತಂದಿತು. ಇಂದಿನ ಗೇರ್ ಬಾಕ್ಸುಗಳಲ್ಲಿ ಮುಂದಕ್ಕೆ ಓಡಿಸುವ ಗೇರುಗಳ ಹಲ್ಲುಗಳೆಲ್ಲ ಸದಾ ಕೂಡಿಕೊಂಡೇ ಇರುತ್ತವೆ. ಗೇರು ಹಾಕುವುದೆಂದರೆ ಅವುಗಳಲ್ಲಿ ಒಂದನ್ನು ದಂಡಕ್ಕೆ ಬಿಗಿಯುವುದು. ಬಿಗಿಯುವ ಮುಂಚೆ ಶಂಕುವಿನಾಕಾರದ ಒಂದು ಉಂಗುರ, ಸಾಮಾನ್ಯವಾಗಿ ಹಿತ್ತಾಳೆಯದು, ಗೇರಿನ ಮೈಗೆ ಒತ್ತಿ ತಿಕ್ಕುತ್ತದೆ. ಅದೊಂದು ಪುಟ್ಟ ಕ್ಲಚ್ಚೇ. ವೇಗ ಸಮವಾಗುವ ತನಕ ಅದೇ ಉಂಗುರ ಅಡ್ಡ ನಿಂತು ಒಳಗೆ ಬಿಡುವುದಿಲ್ಲ. ಸಮವಾದೊಡನೆ ಪಕ್ಕಕ್ಕೆ ಸರಿದು ದಾರಿ ಕೊಡುತ್ತದೆ. ಗೇರಿನ ಹಿಡಿಯನ್ನು ನೂಕುವಾಗ ನಡುವೆ ಅರೆಕ್ಷಣ ತಡೆದಂತಾಗಿ, ಆಮೇಲೆ ತಾನೇ ಒಳಗೆ ಎಳೆದುಕೊಂಡಂತೆ ಆಗುತ್ತದಲ್ಲ, ಅದು ಈ ಉಂಗುರದ ಕೆಲಸ. ಆ ತಡೆಗೆ ಮುಷ್ಟಿ ಬಿಗಿದು ಗುದ್ದಬಾರದು. ಬೆರಳುಗಳಿಂದ ಒತ್ತಿ ಹಿಡಿದರೆ ಸಾಕು, ಅದು ಬಿಟ್ಟುಕೊಡುತ್ತದೆ. ಕ್ಲಚ್ಚನ್ನು ಪೂರ್ತಿ ತುಳಿಯದಿದ್ದರೆ ಮಾತ್ರ ಆ ಬಡಪಾಯಿ ಉಂಗುರ ಪ್ಲೇಟು, ದಂಡಗಳ ಜತೆಗೆ ಎಂಜಿನ್ನನ್ನೂ ಎಳೆಯಬೇಕಾಗುತ್ತದೆ, ಬೇಗ ಸವೆಯುತ್ತದೆ. ರಿವರ್ಸಿಗೆ ಅನೇಕ ಕಾರುಗಳಲ್ಲಿ ಸಿಂಕ್ರೋ ಇರುವುದಿಲ್ಲ. ಗಾಡಿ ಪೂರ್ತಿ ನಿಂತು, ಕ್ಲಚ್ಚು ತುಳಿದು ಎರಡು ಮೂರು ಸೆಕೆಂಡು ಕಾದ ಮೇಲೆಯೇ ಅದನ್ನು ಹಾಕಬೇಕು.

ಸಿಂಕ್ರೋ ಬಂದದ್ದರಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿತು ಎಂದು ನನಗನ್ನಿಸುತ್ತದೆ. ಗೇರು ಸದ್ದಿಲ್ಲದೆ ಬಿತ್ತು ಎಂದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಸಿಂಕ್ರೋ ಹೊಂದಿಸುವುದು ಗೇರ್ ಬಾಕ್ಸಿನ ಒಳಗಿನ ವೇಗಗಳನ್ನು ಮಾತ್ರ. ಎಂಜಿನ್ನಿಗೂ ಕ್ಲಚ್ ಪ್ಲೇಟಿಗೂ ನಡುವಿನ ವೇಗದ ಅಂತರವನ್ನು ಹೊಂದಿಸಲು ಸಾಮಾನ್ಯ ಕಾರುಗಳಲ್ಲಿ ಚಾಲಕರ ಎರಡು ಪಾದ ಬಿಟ್ಟರೆ ಬೇರೆ ಯಾರೂ ಇಲ್ಲ.

ಮೈಗೆ ಅಹಿತವಾಗುವುದು ವೇಗವಲ್ಲ, ವೇಗೋತ್ಕರ್ಷವೂ ಅಷ್ಟಾಗಿ ಅಲ್ಲ. ವೇಗೋತ್ಕರ್ಷ ಥಟ್ಟನೆ ಬದಲಾಗುವುದು. ಒಂದೇ ಸಮನೆ ನೂಕುತ್ತಿದ್ದರೆ ಕತ್ತಿನ ಸ್ನಾಯುಗಳು ಅದಕ್ಕೆ ಹೊಂದಿಕೊಂಡು ನಿಲ್ಲುತ್ತವೆ. ನೂಕು ಫಕ್ಕನೆ ನಿಂತರೆ ಅವು ಬೇಸ್ತು ಬೀಳುತ್ತವೆ. ಕ್ಲಚ್ಚು ತುಳಿಯುವ ಮುಂಚೆಯೇ ಆಕ್ಸಿಲರೇಟರನ್ನು ಹಠಾತ್ತನೆ ಬಿಟ್ಟರೆ ಹೀಗಾಗುತ್ತದೆ. ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ದಂಡಗಳು ಬಲ ಬಿದ್ದಾಗ ತುಸು ತಿರುಚಿಕೊಂಡಿರುತ್ತವೆ, ಸ್ಪ್ರಿಂಗಿನ ಹಾಗೆ. ಬಲ ತಪ್ಪಿದೊಡನೆ ಅವು ಬಿಚ್ಚಿಕೊಂಡು ಕಾರನ್ನು ಸೆಕೆಂಡಿಗೆ ಕೆಲವು ಸಲ ಹಿಂದುಮುಂದಾಗಿ ಅಲ್ಲಾಡಿಸುತ್ತವೆ. ಹೊಸಬರ ಕಾರು ಕಪ್ಪೆಯಂತೆ ಕುಪ್ಪಳಿಸುವುದಕ್ಕೆ ಇದೇ ಬೀಜ. ಕಾರು ಜಗ್ಗಿದಾಗ ಕೂತವರ ಮೈ ಅಲ್ಲಾಡುತ್ತದೆ, ಮೈ ಜತೆ ಆಕ್ಸಿಲರೇಟರಿನ ಮೇಲಿನ ಪಾದವೂ. ಪಾದ ಅಲ್ಲಾಡಿದ್ದಕ್ಕೆ ಕಾರು ಮತ್ತೆ ಜಗ್ಗುತ್ತದೆ. ಕ್ಲಚ್ಚು ತುಳಿದೊಡನೆ ಆ ಸರಪಳಿ ಕಡಿದು ಬೀಳುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಪಾದದ ಮುಂಭಾಗದಿಂದಷ್ಟೇ ಆಕ್ಸಿಲರೇಟರ್ ಒತ್ತಬೇಕು ಎನ್ನುವುದರ ಹಿಂದಿನ ವಿಜ್ಞಾನವೂ ಇದೇ: ನೆಲಕ್ಕೆ ತಾಗಿದ ಹಿಮ್ಮಡಿ ಮೈಯ ಅಲುಗಾಟವನ್ನು ಪೆಡಲಿಗೆ ಹೋಗದಂತೆ ತಡೆಯುತ್ತದೆ.

ಇಷ್ಟು ತಿಳಿದುಕೊಂಡ ಮಾತ್ರಕ್ಕೆ ಕಾಲು ಕಲಿಯುತ್ತದೆಯೇ? ಇಲ್ಲ. ಮಾತಿನ ನೆನಪು ಬೇರೆ, ಮೈಯ ನೆನಪು ಬೇರೆ. 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪುಗಳನ್ನು ಉಳಿಸಿಕೊಳ್ಳುವ ಶಕ್ತಿ ಕಳೆದುಕೊಂಡ, ವೈದ್ಯಲೋಕದಲ್ಲಿ ಎಚ್.ಎಂ. ಎಂದು ಹೆಸರಾದ ವ್ಯಕ್ತಿಗೆ ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಸುಧಾರಿಸಿತು. ಹಿಂದೆ ಅದನ್ನು ಮಾಡಿದ್ದು ಮಾತ್ರ ಅವರಿಗೆ ನೆನಪೇ ಇರಲಿಲ್ಲ. ಕಿರುಮೆದುಳಿನಂತಹ ಭಾಗಗಳು ಕಲಿಯುವ ಬಗೆ ಹೀಗೆ: ಹೀಗಾದೀತು ಎಂದು ಊಹಿಸು, ಆದದ್ದನ್ನು ನೋಡು, ವ್ಯತ್ಯಾಸದಷ್ಟು ತಿದ್ದಿಕೋ. ಸಾವಿರ ಸಲ ಗೇರು ಹಾಕಿದರೂ ಪ್ರತಿ ಸಲ ಏನಾಯಿತೆಂದು ಮೈ ಗಮನಿಸದಿದ್ದರೆ ತಿದ್ದುವುದಕ್ಕೆ ಏನೂ ಸಿಗುವುದಿಲ್ಲ. ಆದ್ದರಿಂದ ಕಲಿಯುವಾಗ ಹಾಡು ನಿಲ್ಲಿಸಿ, ಕಿಟಕಿ ಸ್ವಲ್ಪ ಇಳಿಸಿ, ಎಂಜಿನ್ನಿನ ಸದ್ದು ಕೇಳಿಸಿಕೊಳ್ಳಿ ಎನ್ನುತ್ತೇನೆ. ಸುತ್ತು ಇಳಿಯುವುದು ಕಿವಿಗೆ ಸ್ವರ ಇಳಿದಂತೆ ಕೇಳಿಸುತ್ತದೆ. ಸುತ್ತಿನ ಮಾಪಕದ ಮುಳ್ಳು ನೋಡಲು ರಸ್ತೆಯಿಂದ ಕಣ್ಣು ತೆಗೆಯಬೇಕು. ಸ್ವರ ಕೇಳಲು ಏನನ್ನೂ ಬಿಡಬೇಕಿಲ್ಲ.

ಕೊನೆಗೆ ಬರುವುದು ಗೇರು ಇಳಿಸುವುದು, ಎಲ್ಲಕ್ಕಿಂತ ಕಷ್ಟದ್ದು. ಮೂರನೆಯದರಲ್ಲಿ 2000 ಸುತ್ತಿನಲ್ಲಿ ಹೋಗುತ್ತಾ ಎರಡಕ್ಕೆ ಇಳಿಸಿದರೆ ಎಂಜಿನ್ 2900ರ ಹತ್ತಿರ ಏರಬೇಕು. ಏರುವುದು ತಾನಾಗಿ ಆಗದು. ಕ್ಲಚ್ಚು ಇನ್ನೂ ಒತ್ತಿರುವಾಗಲೇ ಆಕ್ಸಿಲರೇಟರನ್ನು ಒಮ್ಮೆ ಮೆಲುವಾಗಿ ಒತ್ತಿ, ಸ್ವರ ಏರಿದೊಡನೆ ಕ್ಲಚ್ಚು ಬಿಡಬೇಕು. ಸರಿಹೋಯಿತೇ ಎಂದು ನೋಡಲು ಖಾಲಿಯಾದ, ನೇರವಾದ ರಸ್ತೆಯಲ್ಲಿ ಒಂದೆರಡು ಸಲ ಮಾಪಕದ ಮೇಲೆ ಕಣ್ಣೋಡಿಸಿ. ಕ್ಲಚ್ಚು ಮೇಲೆ ಬರುವಾಗ ಮುಳ್ಳು ಏರಿದರೆ ಒತ್ತಿದ್ದು ಸಾಲಲಿಲ್ಲ, ಇಳಿದರೆ ಹೆಚ್ಚಾಯಿತು. ಇದ್ದಲ್ಲೇ ನಿಂತರೆ, ಹಿಂದೆ ನಿದ್ದೆ ಹೋದವರಿಗೆ ಎಚ್ಚರವಾಗಿರುವುದಿಲ್ಲ.