ಶಾಲೆಯ ಗೇಟಿನಾಚೆಗಿನ ಹೆದರಿಕೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೂವತ್ತು ವರ್ಷ ಹಾಜರಿ ಕರೆದವನಿಗೆ ಗೈರುಹಾಜರಿಯ ಗುರುತುಗಳನ್ನು ಓದುವ ಅಭ್ಯಾಸವಾಗಿಬಿಡುತ್ತದೆ. ಜ್ವರದ ಕಾಲದಲ್ಲಿ ಬಾರದ ಮಕ್ಕಳು ಊರಿನ ಎಲ್ಲ ಮೂಲೆಗಳವರಾಗಿರುತ್ತಾರೆ. ಹೆದರಿಕೆಯ ಕಾಲದಲ್ಲಿ ಬಾರದವರು ಹೆಚ್ಚಾಗಿ ಒಂದೇ ದಾರಿಯವರು.

ಒಮ್ಮೆ ನಮ್ಮ ಕಡೆ ಚೂರಿ ಇರಿತ ನಡೆದು, ನಿಷೇಧಾಜ್ಞೆ ಬಂದು, ಬಸ್ಸುಗಳು ನಿಂತವು. ನಾಲ್ಕನೆಯ ದಿನ ಶಾಲೆ ತೆರೆದರೂ ತೋಡಿನ ಸಂಕ (ಕಿರುಸೇತುವೆ) ದಾಟಿ ಬರುವ ಮಕ್ಕಳು ಬರಲಿಲ್ಲ. ವಿಚಾರಿಸಲು ಹೋದಾಗ, ಬೀಡಿ ಕಟ್ಟುತ್ತಿದ್ದ ತಾಯಿಯೊಬ್ಬರು, "ಮಾಷ್ಟ್ರೇ, ಶಾಲೆಯೊಳಗೆ ನೀವಿದ್ದೀರಿ, ಆ ಸಂಕದ ಹತ್ತಿರ ಯಾರಿದ್ದಾರೆ?" ಎಂದು ಕೇಳಿದರು. ತಂಗಿಯನ್ನು ಒಬ್ಬಳೇ ಬಿಡಲಾಗದೆ ಏಳನೆಯ ತರಗತಿಯ ಅಕ್ಕನೂ ಮನೆಯಲ್ಲೇ ಉಳಿದಿದ್ದಳು. ಹೀಗೆ ಒಂದು ಮಗುವಿನ ಭಯ ಹಾಜರಿ ಪುಸ್ತಕದಲ್ಲಿ ಎರಡು ಗೈರುಹಾಜರಿಯಾಗುತ್ತದೆ.

ನಮ್ಮಲ್ಲಿ ಇದು ಕೆಲವು ದಿನಗಳ ಸಂಕಟ. ಸಶಸ್ತ್ರ ಸಂಘರ್ಷ ವರ್ಷಗಟ್ಟಲೆ ನಡೆಯುವಲ್ಲಿ ಶಾಲೆಯೇ ಭಯದ ಜಾಗವಾಗುತ್ತದೆ. ನೈಜೀರಿಯಾದ ಚಿಬೋಕ್‌ನಲ್ಲಿ ಭದ್ರತೆಯಿಲ್ಲವೆಂದು ಮುಚ್ಚಿದ್ದ ಶಾಲೆಗೆ ಅಂತಿಮ ಪರೀಕ್ಷೆಗಾಗಿ ಬಂದಿದ್ದ 276 ಹುಡುಗಿಯರನ್ನು 2014ರ ಏಪ್ರಿಲ್‌ನಲ್ಲಿ ಬೋಕೋ ಹರಾಮ್ ಎಂಬ ಉಗ್ರ ಸಂಘಟನೆ ಅಪಹರಿಸಿತು. ಅಂಥ ಸುದ್ದಿ ಕೇಳಿದ ತಂದೆತಾಯಿ ಮೊದಲು ಹೆಣ್ಣುಮಗಳನ್ನು ಮನೆಯಲ್ಲಿರಿಸಿಕೊಳ್ಳುತ್ತಾರೆ, ಅದನ್ನು ಅಜ್ಞಾನವೆನ್ನಲು ನನಗೆ ಮನಸ್ಸಿಲ್ಲ. ಛತ್ತೀಸಗಢದ ಬಸ್ತರಿನಲ್ಲಿ ಮಾವೋವಾದಿಗಳು ಶಾಲಾ ಕಟ್ಟಡಗಳನ್ನು ಕೆಡವಿದರು. ಇನ್ನು ಕೆಲವು ಕಟ್ಟಡಗಳಲ್ಲಿ ಭದ್ರತಾಪಡೆಗಳು ಬೀಡುಬಿಟ್ಟಿದ್ದವು. ಪಡೆಗಳು ಶಾಲೆಗಳನ್ನು ಬಿಟ್ಟುಹೋಗಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಬಂದೂಕು ಹಿಡಿದವರು ಯಾವ ಪಕ್ಷದವರೇ ಆಗಲಿ, ಅವರು ಮಲಗಿದ್ದ ಕೋಣೆಗೆ ಮಗುವನ್ನು ಕಳುಹಿಸಲು ತಾಯಿ ಹಿಂದೆಮುಂದೆ ನೋಡುತ್ತಾಳೆ.

ಆದುದರಿಂದ ಶಾಲೆ ತೆರೆದ ದಿನವನ್ನೇ ಮಕ್ಕಳು ಮರಳಿದ ದಿನವೆಂದು ಅಧಿಕಾರಿಗಳು ಲೆಕ್ಕ ಹಾಕಬಾರದು. ನಡುವೆ ತಪ್ಪಿದ ಪಾಠವೂ ಒಂದು ಅಡ್ಡಿಯೇ: ಹಿಂದೆ ಬಿದ್ದ ಮಗು ನಾಚಿಕೊಂಡು ಮತ್ತೆರಡು ದಿನ ತಪ್ಪಿಸುತ್ತದೆ, ದೊಡ್ಡವನಾದರೆ ಅಷ್ಟರಲ್ಲಿ ಕೂಲಿ ಕೆಲಸಕ್ಕೆ ಸೇರಿರುತ್ತಾನೆ. ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 4ನೇ ಸೆಕ್ಷನ್ ಹೇಳುವುದು ಈ ಕಾರಣಕ್ಕೇ ಬೆಲೆಯುಳ್ಳದ್ದು.

ಆ ತಾಯಿ ಕೇಳಿದ ಮರುದಿನದಿಂದ ನಾವು ಇಬ್ಬರು ಅಧ್ಯಾಪಕರು ಮತ್ತು ಕೆಲವು ಹೆತ್ತವರು ಸರದಿಯಂತೆ ಬೆಳಿಗ್ಗೆ, ಸಂಜೆ ಆ ಸಂಕದ ಬಳಿ ನಿಂತೆವು. ಹಾಗೆ ನಿಂತ ಐದನೆಯ ದಿನ ಅಕ್ಕ ತಂಗಿಯ ಕೈಹಿಡಿದು ಬಂದಳು. ಆಕೆಗೆ ತಪ್ಪಿದ್ದ ಭಿನ್ನರಾಶಿಯ ಲೆಕ್ಕಗಳನ್ನು ಊಟದ ಬಿಡುವಿನಲ್ಲಿ ಮೊದಲಿನಿಂದ ಹೇಳಿಕೊಟ್ಟೆ.