ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮ ಅಮೆರಿಕದ ಸಿಟಿಜನ್‌ಶಿಪ್ ಟೆಸ್ಟ್ ಪಾಸಾಗಬಹುದಾ?

ಪ್ರಶ್ನೆ: ಅಮ್ಮನಿಗೆ ಈಗ 62. ಗ್ರೀನ್ ಕಾರ್ಡ್ ಬಂದು ಆರು ವರ್ಷ ಆಯ್ತು, ಅಮೆರಿಕದಲ್ಲಿ ನಮ್ಮ ಜೊತೆನೇ ಇದ್ದಾರೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಕನ್ನಡದಲ್ಲೇ ಉತ್ತರ ಹೇಳೋಕೆ ಬಿಡ್ತಾರಾ? ಇಲ್ಲದಿದ್ದರೆ ಹೇಗೆ ತಯಾರಿ ಮಾಡಿಸೋದು?

ಉತ್ತರ: ಸದ್ಯಕ್ಕೆ ಬಿಡುವುದಿಲ್ಲ. ಅರ್ಜಿ ಹಾಕುವ ದಿನಕ್ಕೆ 50 ವರ್ಷ ತುಂಬಿ ಗ್ರೀನ್ ಕಾರ್ಡ್‌ಗೆ 20 ವರ್ಷ ಆಗಿರಬೇಕು, ಇಲ್ಲವೇ 55 ತುಂಬಿ 15 ವರ್ಷ ಆಗಿರಬೇಕು. ಅಂಥವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ, ದುಭಾಷಿಯ ಜೊತೆ ಕನ್ನಡದಲ್ಲೇ ಉತ್ತರ ಹೇಳಬಹುದು. ನಿಮ್ಮ ಅಮ್ಮ ಅದಕ್ಕೆ ಇನ್ನೂ ಒಂಬತ್ತು ವರ್ಷ ಕಾಯಬೇಕು. ಕಾಯಿಸಬೇಡಿ, ಇಂಗ್ಲಿಷಿನಲ್ಲೇ ತಯಾರಿ ಶುರು ಮಾಡಿಸಿ ಅಂತಲೇ ನಾನು ಹೇಳುವುದು.

2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಹೊಸ ಟೆಸ್ಟ್. ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ 128 ಪ್ರಶ್ನೆಗಳ ಪಟ್ಟಿಯನ್ನು ಮೊದಲೇ ಕೊಟ್ಟಿರುತ್ತಾರೆ. ಅದರಲ್ಲಿ 20ರವರೆಗೆ ಬಾಯಲ್ಲೇ ಕೇಳುತ್ತಾರೆ, 12 ಸರಿಯಾದರೆ ಪಾಸು. ಓದುವುದಕ್ಕೆ ಮೂರು ವಾಕ್ಯಗಳಲ್ಲಿ ಒಂದು, ಬರೆಯುವುದಕ್ಕೂ ಮೂರರಲ್ಲಿ ಒಂದು ಸರಿಯಾದರೆ ಸಾಕು. ಸಣ್ಣಪುಟ್ಟ ಸ್ಪೆಲ್ಲಿಂಗ್ ತಪ್ಪಿಗೆ ಫೇಲ್ ಮಾಡುವುದಿಲ್ಲ.

ಎಲ್ಲರೂ ಈ 128 ಪ್ರಶ್ನೆಗಳಿಗೇ ಹೆದರಿ ತಿಂಗಳುಗಟ್ಟಲೆ ಬಾಯಿಪಾಠ ಮಾಡಿಸುತ್ತಾರೆ. ನಮ್ಮ ಅಮ್ಮಂದಿರಿಗೆ ಬಾಯಿಪಾಠ ಕಷ್ಟವೇ ಅಲ್ಲ, ದೇವರನಾಮಗಳನ್ನೆಲ್ಲ ಪುಸ್ತಕ ನೋಡದೆ ಹೇಳುವವರು ಅವರು. ಕಷ್ಟ ಇರುವುದು ಪೌರತ್ವಕ್ಕಾಗಿ ತುಂಬಿಕೊಡುವ ಎನ್-400 ಅರ್ಜಿಯಲ್ಲಿ. ಆಫೀಸರ್ ಅದನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ, ಅವರ ಮಾತು ಅರ್ಥವಾಗಿ ಅಮ್ಮ ಉತ್ತರ ಕೊಡುತ್ತಾರಾ ಅನ್ನುವುದೇ ಮಾತಿನ ಇಂಗ್ಲಿಷ್ ಪರೀಕ್ಷೆ.

ಇಲ್ಲಿ ಹಿರಿಯರು ಎಡವುವುದು ಮರ್ಯಾದೆಗೆ ‘ಎಸ್, ಎಸ್’ ಅಂತ ತಲೆಯಾಡಿಸಿ. ವೋಟಿನ ಪ್ರಶ್ನೆಯನ್ನೇ ನೋಡಿ. ‘ಹ್ಯಾವ್ ಯು ಎವರ್ ವೋಟೆಡ್’ ಅಂತ ಕಿವಿಗೆ ಬಿದ್ದ ಕೂಡಲೇ ಅಮ್ಮನಿಗೆ ಊರಿನ ಶಾಲೆಯ ಮತಗಟ್ಟೆ ನೆನಪಾಗಿ ಹೌದು ಅಂದುಬಿಡಬಹುದು, ಆದರೆ ಅವರು ಕೇಳುತ್ತಿರುವುದು ಅಮೆರಿಕದ ಚುನಾವಣೆಯನ್ನು, ಅಲ್ಲಿ ಗ್ರೀನ್ ಕಾರ್ಡಿನವರು ವೋಟು ಹಾಕಿದ್ದರೆ ಅರ್ಜಿಗೇ ಕುತ್ತು. ಅದೇ ಕಮ್ಯುನಿಸ್ಟ್ ಪಕ್ಷದಲ್ಲಿ ಯಾವಾಗಲಾದರೂ ಇದ್ದಿರಾ ಅನ್ನುವ ಪ್ರಶ್ನೆ ಇಡೀ ಜಗತ್ತಿಗೆ ಸೇರಿದ್ದು, ಅಲ್ಲಿ ಊರಿನದನ್ನೂ ಹೇಳಬೇಕು. ಹಾಗಾಗಿ ಪ್ರತಿ ಪ್ರಶ್ನೆಯನ್ನೂ ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿ, ನಿಜವಾದ ಉತ್ತರ ಏನು ಅಂತ ಕೂತು ಮಾತಾಡಿ, ಆಮೇಲೆ ಇಂಗ್ಲಿಷಿಗೆ ಬನ್ನಿ.

ಅಭ್ಯಾಸ ಮಾಡಿಸುವಾಗ ಕ್ರಮ ಬದಲಿಸಿ ಕೇಳಿ. ನೀವೊಬ್ಬರೇ ಕೇಳಿದರೆ ಸಾಲದು, ಮೊಮ್ಮಕ್ಕಳಿಂದ ಕೇಳಿಸಿ, ಅವರ ಅಮೆರಿಕನ್ ಉಚ್ಚಾರಣೆಗೆ ಅಮ್ಮನ ಕಿವಿ ಒಗ್ಗಲಿ. ಅರ್ಥವಾಗದಿದ್ದರೆ ‘ಪ್ಲೀಸ್ ರಿಪೀಟ್’ ಅನ್ನುವುದನ್ನು ಎಲ್ಲಕ್ಕಿಂತ ಮೊದಲು ಕಲಿಸಿ. ಹಾಗೆ ಕೇಳುವುದು ತಪ್ಪಲ್ಲ, ಅರ್ಥವಾಗದೆ ಸುಮ್ನೆ ಹೌದು ಅನ್ನುವುದು ತಪ್ಪು.

ಊರಿಗೆ ಹೋಗಿಬಂದ ತಾರೀಖುಗಳನ್ನೂ ಪಾಸ್‌ಪೋರ್ಟ್ ಮುದ್ರೆ ನೋಡಿ ಬರೆದಿಟ್ಟುಕೊಳ್ಳಿ, ಕಳೆದ ಐದು ವರ್ಷದ್ದು ಬೇಕು. ಆ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದಲ್ಲೇ ಇದ್ದಿರಬೇಕು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ ಇಂಡಿಯಾದಲ್ಲಿ ಉಳಿದಿದ್ದರೆ ಅಮೆರಿಕದ ನಿರಂತರ ವಾಸ ಮುರಿದಿದೆ ಅಂತ ಎಣಿಸಬಹುದು. ಅಂಥದ್ದೇನಾದರೂ ಇದ್ದರೆ ಅರ್ಜಿಗೆ ಮುಂಚೆಯೇ ವಕೀಲರನ್ನು ಕೇಳಿ.

ಫೇಲಾದರೆ ಅಂತ ಅಮ್ಮ ಅಳುಕುತ್ತಿದ್ದರೆ ಇದನ್ನು ಹೇಳಿ: 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ ಇದೆ, ಅದೂ ಫೇಲಾದ ಭಾಗಕ್ಕೆ ಮಾತ್ರ, ಮತ್ತೆ ಫೀಸೂ ಕಟ್ಟಬೇಕಿಲ್ಲ.

ಇಷ್ಟೆಲ್ಲದರ ಮುಂಚೆ ಅಮ್ಮನ ಮನಸ್ಸನ್ನೂ ಕೇಳಿ. ಅಮೆರಿಕದ ಪೌರತ್ವ ಬಂದ ದಿನವೇ ಭಾರತದ್ದು ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಓಸಿಐ ಕಾರ್ಡ್ ಮಾಡಿಸಿದರೆ ಊರಿಗೆ ವೀಸಾ ಇಲ್ಲದೆ ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಆದರೆ ಅಲ್ಲಿ ವೋಟು ಹಾಕುವಂತಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ಇದು ಅವರಿಗೆ ಮೊದಲೇ ಗೊತ್ತಿರಲಿ.